ನಮ್ಮ ಹಳ್ಳಕ್ಕೂ ಬೇರಿನ ಸಂಕ ಬೆಳೆಸಬಹುದೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆಗೂ ತೋಟಕ್ಕೂ ನಡುವೆ ಹಳ್ಳ, ದಡದಿಂದ ದಡಕ್ಕೆ ಸುಮಾರು 20 ಅಡಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅಡಿಕೆ ಮರ, ಬಿದಿರು ಹಾಕಿ ಸಂಕ ಕಟ್ಟುತ್ತೇವೆ. ಅದು ಕೊಳೆಯುತ್ತದೆ, ಇಲ್ಲವೇ ಪುನರ್ವಸು ಮಳೆಗೆ ತೇಲಿಹೋಗುತ್ತದೆ. ಮೇಘಾಲಯದ ಬೇರಿನ ಸೇತುವೆಗಳ ವಿಡಿಯೋ ನೋಡಿದ ಮೇಲೆ ಮಗನಿಗೆ ಅದರದ್ದೇ ಗುಂಗು. ನಮ್ಮಲ್ಲೂ ಬೆಳೆಸಬಹುದೇ? ಯಾವ ಮರ, ಎಷ್ಟು ವರ್ಷ? ಹೀಗೇ ಇಡೀ ಮನೆಯನ್ನೂ ಬೆಳೆಸಬಹುದು ಎನ್ನುತ್ತಾನೆ, ಹೌದೇ?

ಉತ್ತರ: ಬೆಳೆಸಬಹುದು. ಆದರೆ ಅದರ ಮೇಲೆ ಅಡಿಕೆ ಗೊನೆ ಹೊತ್ತು ಧೈರ್ಯವಾಗಿ ದಾಟುವವರು ನೀವಲ್ಲ, ನಿಮ್ಮ ಮಗ. ಆಗ ಅವನ ತಲೆಯೂ ಅರ್ಧ ನರೆತಿರುತ್ತದೆ. ಈ ಲೆಕ್ಕಕ್ಕೆ ಒಪ್ಪಿಗೆಯಿದ್ದರೆ ಮುಂದೆ ಓದಿ.

ಅದಕ್ಕೂ ಮುಂಚೆ ಒಂದು ಮಾತು. ಆ ಹಳ್ಳವನ್ನು ಶಾಲೆಗೆ ಹೋಗುವ ಮಕ್ಕಳೂ ದಾಟುತ್ತಾರೆಯೇ? ದಾಟುವುದಾದರೆ ಬೇರಿನ ಮಾತು ಬದಿಗಿಟ್ಟು ಮೊದಲು ಪಂಚಾಯಿತಿಗೆ ಅರ್ಜಿ ಕೊಡಿ. ಮಲೆನಾಡು, ಕರಾವಳಿಯ ಇಂಥ ಹಳ್ಳಗಳಿಗೆಂದೇ ‘ಶಾಲಾ ಸಂಪರ್ಕ ಸೇತು’ ಎಂಬ ಸರ್ಕಾರಿ ಯೋಜನೆಯಲ್ಲಿ ಕಾಲುಸೇತುವೆಗಳನ್ನು ಕಟ್ಟಿಸಿದ್ದಾರೆ. ಅಗಲವಾದ ಹೊಳೆಯಾದರೆ ತೂಗುಸೇತುವೆ ಇದೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಒಂದು ಕಟ್ಟಿ, ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀಯೂ ಬಂತು. ಈ ಜುಲೈನ ನೀರಿಗೆ ಮೂವತ್ತು ವರ್ಷದ ಮರ ಉತ್ತರ ಕೊಡುವುದಿಲ್ಲ.

ಇನ್ನು ಮೇಘಾಲಯ. ವಿಡಿಯೋಗಳಲ್ಲಿ ಅದನ್ನೊಂದು ಮಾಯಾಲೋಕದ ಹಾಗೆ ತೋರಿಸುತ್ತಾರೆ. ಹಾಗಾಗಿ ಒಂದು ಸಂಗತಿ ನಮ್ಮವರ ಕಣ್ಣಿಗೇ ಬೀಳುವುದಿಲ್ಲ: ಅವು ಅಡಿಕೆ ಬೆಳೆಗಾರರ ಸಂಕಗಳು. ಖಾಸಿ ಮತ್ತು ಜೈಂತಿಯಾ ಬೆಟ್ಟಗಳ ದಕ್ಷಿಣದ ಮಗ್ಗುಲು ಬಾಂಗ್ಲಾದೇಶದ ಬಯಲಿಗೆ ಕಡಿದಾಗಿ ಇಳಿಯುತ್ತದೆ. ಆ ಇಳಿಜಾರಿನವರ ಜೀವನ ನಡೆಯುವುದು ಅಡಿಕೆ, ವೀಳ್ಯದೆಲೆ, ಹಲಸು, ಪಲಾವ್ ಎಲೆ, ಪೊರಕೆ ಹುಲ್ಲಿನ ಮೇಲೆ. ಮನೆಗೆ ಬಂದವರ ಮುಂದೆ ಮೊದಲು ಇಡುವುದು ‘ಕ್ವಾಯ್’, ಎಂದರೆ ನಮ್ಮ ಕವಳ, ಎಲೆಅಡಿಕೆ. ಮನೆ ಈ ದಡ, ತೋಟ ಆ ದಡ, ನಡುವೆ ಉಕ್ಕುವ ಹಳ್ಳ. ಥೇಟ್ ನಿಮ್ಮ ಕಥೆ. ಮಳೆ ಮಾತ್ರ ನಮಗಿಂತ ಜೋರು. ಆಗುಂಬೆಯ ವರ್ಷದ ಸರಾಸರಿ 7,500 ಮಿ.ಮೀ. ಆಸುಪಾಸು. ಚಿರಾಪುಂಜಿ, ಮೌಸಿನ್‌ರಾಮ್‌ಗಳದ್ದು 11,000 ಮೀರುತ್ತದೆ. 1860ರ ಆಗಸ್ಟ್‌ನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಚಿರಾಪುಂಜಿಗೆ 26,461 ಮಿ.ಮೀ. ಸುರಿದದ್ದು ದಾಖಲೆ. ಅಂಥ ಮಳೆಯಲ್ಲಿ ಬಿದಿರಿನ ಸಂಕ ಎಷ್ಟು ದಿನ ಬಾಳೀತು? ನೀರು ಕುಡಿದಷ್ಟೂ ಗಟ್ಟಿಯಾಗುವ ಸಾಮಾನು ಬೇಕಿತ್ತು. ಜೀವ ಇರುವ ಮರ ಬಿಟ್ಟರೆ ಬೇರೆ ಯಾವುದಕ್ಕೂ ಆ ಗುಣವಿಲ್ಲ.

ಆ ಮರಕ್ಕೆ ಅವರ ಹೆಸರು ‘ಜ್ರಿ’, ಸೇತುವೆಗೆ ‘ಜಿಂಗ್‌ಕಿಯೆಂಗ್ ಜ್ರಿ’. ಸಸ್ಯಶಾಸ್ತ್ರದಲ್ಲಿ ಫೈಕಸ್ ಇಲಾಸ್ಟಿಕಾ. ನೀವು ಇದನ್ನು ನೋಡಿಯೇ ಇರುತ್ತೀರಿ. ಬೆಂಗಳೂರಿನ ಮನೆಗಳ ವರಾಂಡದಲ್ಲಿ, ಬ್ಯಾಂಕುಗಳ ಮೂಲೆಯಲ್ಲಿ, ದಪ್ಪ ಹೊಳಪಿನ ಎಲೆ ಹೊತ್ತು ಕುಂಡದಲ್ಲಿ ಮುದುಡಿ ಕೂತಿರುವ ‘ರಬ್ಬರ್ ಗಿಡ’ ಇದೇ. ರಬ್ಬರ್ ತೋಟದಲ್ಲಿ ಹಾಲು ತೆಗೆಯುವ ಮರ ಬೇರೆ, ಇದು ಆಲದ ಬಳಗದ್ದು. ಕುಂಡದಲ್ಲಿ ನಾಲ್ಕಡಿ ಬೆಳೆಯುವ ಇದೇ ಗಿಡ ಅಲ್ಲಿ ಕಣಿವೆಯ ಬಂಡೆ ತಬ್ಬಿ ನಿಂತು ಹಳ್ಳದಾಚೆಗೆ ಬಿಳಲು ಚಾಚುತ್ತದೆ. ಹೆನ್ರಿ ಯೂಲ್ ಎಂಬ ಬ್ರಿಟಿಷ್ ಅಧಿಕಾರಿ 1844ರಲ್ಲೇ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಸೇತುವೆಗಳ ಬಗ್ಗೆ ಬರೆದಿದ್ದಾನೆ. 2019ರಲ್ಲಿ ಜರ್ಮನಿಯ ಸಂಶೋಧಕರು 74 ಸೇತುವೆಗಳನ್ನು ಅಳೆದು ಚಿತ್ರಿಸಿದ ಅಧ್ಯಯನ ಪ್ರಕಟಿಸಿದರು. 2022ರಲ್ಲಿ ಇವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಉದ್ದನೆಯವು 50 ಮೀಟರ್‌ಗೂ ಮಿಕ್ಕಿ ಇವೆ. ಆ ಲೆಕ್ಕದಲ್ಲಿ ನಿಮ್ಮ 20 ಅಡಿ ಹಳ್ಳ ಅವರಿಗೆ ಮಕ್ಕಳಾಟ.

ತಿರ್ನಾ ಎಂಬ ಊರಿನಿಂದ 3,000ಕ್ಕೂ ಹೆಚ್ಚು ಮೆಟ್ಟಿಲು ಇಳಿದು ನಾನು ನೊಂಗ್ರಿಯಾಟ್‌ಗೆ ಹೋಗಿದ್ದೆ. ಒಂದರ ಮೇಲೊಂದು ಎರಡು ಅಂತಸ್ತಿನ ಸೇತುವೆ ಅಲ್ಲಿರುವುದು. (ಇಳಿದದ್ದು ಲೆಕ್ಕವಲ್ಲ, ಹತ್ತುವಾಗ ಗೊತ್ತಾಗುತ್ತದೆ.) ಎಲ್ಲರೂ ದೂರದಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು. ನಾನು ಸೇತುವೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೇರುಗಳನ್ನು ನೋಡುತ್ತಿದ್ದೆ. ತೊಡೆಗಾತ್ರದ ಬೇರು, ಅದರ ಪಕ್ಕ ಮೊಳಕೈ ಗಾತ್ರದ್ದು, ಎರಡರ ನಡುವಿನ ಸಂದಿಗೆ ಚಪ್ಪಟೆ ಕಲ್ಲು. ಕಲ್ಲಿನ ಅಂಚನ್ನು ಬೇರು ಎಷ್ಟೋ ವರ್ಷದಿಂದ ತುಟಿಯ ಹಾಗೆ ಕಚ್ಚಿಕೊಂಡಿದೆ. ದಪ್ಪ ಬೇರುಗಳ ಮೇಲೆ ಸುತ್ತಿದ ಸಣ್ಣ ಬೇರು, ಅದರ ಮೇಲೆ ದಾರದಂಥ ಇನ್ನೂ ಎಳೆಯದು. ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ಹೊರೆ ಹೊತ್ತ ಹಾಗೆ. ಅಷ್ಟರಲ್ಲಿ ಬೆನ್ನಿಗೆ ಬುಟ್ಟಿ, ಹಣೆಗೆ ಅದರ ಪಟ್ಟಿ ಹಾಕಿಕೊಂಡ ಒಬ್ಬ ಮುದುಕ ಬಂದ. ನಡು ಸೇತುವೆಯಲ್ಲಿ ನಿಂತ. ಗಾಳಿಗೆ ಜೋತಾಡುತ್ತಿದ್ದ ಒಂದು ಎಳೆ ಬೇರನ್ನು ಎರಡು ಬೆರಳಲ್ಲಿ ಹಿಡಿದು, ಹಿಡಿಕಂಬಿಯಂತಿದ್ದ ಹಳೇ ಬೇರಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಸಂದಿಗೆ ಸಿಕ್ಕಿಸಿ ಹೋದ. ಬುಟ್ಟಿ ಕೆಳಗಿಡಲಿಲ್ಲ, ಇತ್ತ ತಿರುಗಿಯೂ ನೋಡಲಿಲ್ಲ. ಹತ್ತು ಸೆಕೆಂಡಿನ ಕೆಲಸ. ಆ ಸೇತುವೆಗೆ ಎಂಜಿನಿಯರ್ ಯಾರು ಎಂದು ಕೇಳಿದರೆ ನಾನು ಅವನನ್ನೇ ತೋರಿಸುತ್ತೇನೆ. ಹಾದುಹೋಗುವ ಪ್ರತಿಯೊಬ್ಬರೂ ಹಾಗೆ ಹತ್ತು ಸೆಕೆಂಡು ಕೊಟ್ಟಿದ್ದರಿಂದ ಅದು ನಿಂತಿದೆ. ನಿಮ್ಮ ಮನೆಯಲ್ಲಿ, ಅಕ್ಕಪಕ್ಕದ ಮನೆಯಲ್ಲಿ ಆ ಅಭ್ಯಾಸ ಬರುತ್ತದೆಯೇ ಎಂಬುದನ್ನು ಮರದ ಜಾತಿಗಿಂತ ಮೊದಲು ಯೋಚಿಸಬೇಕು.

ಇದು ಹೇಗೆ ಸಾಧ್ಯ ಎಂದು ಮಗ ಕೇಳಿಯೇ ಕೇಳುತ್ತಾನೆ. ತೋಟದಲ್ಲೇ ತೋರಿಸಿ. ಮರಕ್ಕೆ ಹೊಡೆದ ಮೊಳೆ ಇಪ್ಪತ್ತು ವರ್ಷ ಕಳೆದರೂ ಅದೇ ಎತ್ತರದಲ್ಲಿರುತ್ತದೆ. ಮರ ಉದ್ದವಾಗುವುದು ತುದಿಗಳಲ್ಲಿ ಮಾತ್ರ, ಉಳಿದ ಭಾಗ ದಪ್ಪವಾಗುತ್ತದೆ ಅಷ್ಟೆ. ಆದ್ದರಿಂದ ಎಳೆಯದಿದ್ದಾಗ ಕೊಟ್ಟ ಬಾಗು, ಹಾಕಿದ ಗಂಟು ಇದ್ದ ಜಾಗದಲ್ಲೇ ಗಟ್ಟಿಯಾಗುತ್ತದೆ. ಎರಡನೆಯದಕ್ಕೆ ಬೇಲಿಗೆ ಹೋಗಿ. ಮುಳ್ಳುತಂತಿಯನ್ನು ನುಂಗಿದ ಮರ ಇಲ್ಲದ ಬೇಲಿ ಮಲೆನಾಡಿನಲ್ಲಿದೆಯೇ? ತಂತಿಯ ಬದಲು ಇನ್ನೊಂದು ಬೇರು ಅದೇ ರೀತಿ ಒತ್ತಿಕೊಂಡಿದ್ದರೆ ತೊಗಟೆ ಸವೆದು, ಒಳಗಿನ ಹಸಿ ಪದರಗಳು ಕೂಡಿ, ಎರಡು ಒಂದಾಗುತ್ತವೆ. ಕಸಿ ಕಟ್ಟಿದವರಿಗೆ ಇದು ಹೊಸತಲ್ಲ. ಆಲದ ಬಳಗ ಇದರಲ್ಲಿ ಎತ್ತಿದ ಕೈ.

ಮೂರನೆಯದು ನನಗೆ ಅತಿ ಇಷ್ಟದ್ದು. ಆಲದ ಬಿಳಲು ಗಾಳಿಯಲ್ಲಿ ತೂಗುವಾಗ ವರ್ಷಾನುಗಟ್ಟಲೆ ಪೆನ್ಸಿಲ್ ಗಾತ್ರದಲ್ಲೇ ಇರುತ್ತದೆ. ನೆಲ ಮುಟ್ಟಿತೋ, ಸರಸರ ದಪ್ಪವಾಗುತ್ತದೆ. ಅಷ್ಟೇ ಅಲ್ಲ, ಅದು ಕುಗ್ಗಿ ಬಿಗಿಯುತ್ತದೆ, ತಂಬೂರಿಯ ತಂತಿಯನ್ನು ಬಿರಡೆ ತಿರುಗಿಸಿ ಎಳೆದ ಹಾಗೆ. ಬೆಂಜಮಿನ ಎಂಬ ಆಲದ ಜಾತಿಯ ಬಿಳಲಿನಲ್ಲಿ ಇದನ್ನು 1968ರಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಒಳಗೆ ಎಳೆತದ ನಾರುಗಳು ಬೆಳೆದು ಬಿಳಲನ್ನು ಗಿಡ್ಡ ಮಾಡುತ್ತವೆ. ಹಾಗಾಗಿ ನೀವು ಆಚೆ ದಡಕ್ಕೆ ಸಡಿಲವಾಗಿ ತಂದು ನೆಟ್ಟ ಬೇರು ಕೆಲವು ವರ್ಷದಲ್ಲಿ ತಾನೇ ಬಿಗಿಯಾಗಿ ನಿಲ್ಲುತ್ತದೆ. ನಾವು ಕಟ್ಟಿದ ಯಾವ ಹಗ್ಗವೂ ಹೀಗೆ ಮಾಡದು.

ಈಗ ನಿಮ್ಮ ಹಳ್ಳಕ್ಕೆ ಬರೋಣ. ಮರ ಯಾವುದು? ನಮ್ಮ ಆಲವನ್ನೇ ಬಳಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಬಳಸಬಹುದು, ಆದರೆ ಅದರ ಬಿಳಲಿಗೆ ನೇರ ಕೆಳಗಿಳಿಯುವ ಹಟ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರ ನೋಡಿ: ನಡುವಿನ ಮೂಲ ಕಾಂಡವೇ ರೋಗಕ್ಕೆ ಸತ್ತರೂ ಬಿಳಲುಗಳೇ ಕಂಬಗಳಾಗಿ ಸುಮಾರು ಮೂರು ಎಕರೆಗೆ ಮರ ಹಬ್ಬಿ ನಿಂತಿದೆ. ಚಪ್ಪರಕ್ಕೆ ಅದು ರಾಜ, ಸಂಕಕ್ಕೆ ಅಲ್ಲ. ಇಲಾಸ್ಟಿಕಾದ ಬೇರು ಬಂಡೆಯ ಮೈಮೇಲೆ, ಕಾಂಡದ ಮೈಮೇಲೆ ಅಡ್ಡಡ್ಡ ಹರಿದಾಡುತ್ತದೆ, ಹೇಳಿದ ಮಾತು ಕೇಳುತ್ತದೆ. ನನ್ನ ಮತ ಅದಕ್ಕೇ. ಅದು ಪಶ್ಚಿಮ ಘಟ್ಟದ ಮರವಲ್ಲ ಎಂಬ ಅಳುಕು ನಿಮಗಿದ್ದರೆ ಅದು ಒಳ್ಳೆಯ ಅಳುಕೇ. ಆದರೆ ಆಲದ ಬಳಗದ ಒಂದೊಂದು ಜಾತಿಗೂ ಪರಾಗಸ್ಪರ್ಶಕ್ಕೆ ಅದರದ್ದೇ ಸಣ್ಣ ಕಣಜ ಬೇಕು. ಇದರ ಕಣಜ ಇಲ್ಲದ ಕಡೆ ಇದು ಬೀಜ ಕಟ್ಟುವುದಿಲ್ಲ, ಹಕ್ಕಿಗಳ ಮೂಲಕ ಕಾಡಿಗೆ ಹರಡುವುದೂ ಇಲ್ಲ.

ನರ್ಸರಿಯಲ್ಲಿ ಬಿಳಿ, ಕೆಂಪು ಚಿತ್ತಾರದ ಎಲೆಯದನ್ನು ಕೊಡಲು ಬರುತ್ತಾರೆ. ಬೇಡ. ಅಪ್ಪಟ ಹಸಿರು ಎಲೆಯದೇ ಜೋರಾಗಿ ಬೆಳೆಯುವುದು. ಯಾರದಾದರೂ ಮನೆಯಂಗಳದಲ್ಲಿ ಹಳೇ ಮರವಿದ್ದರೆ ಇನ್ನೂ ಒಳ್ಳೆಯದು, ಮಳೆ ಶುರುವಾದ ಮೇಲೆ ಹೆಬ್ಬೆರಳು ಗಾತ್ರದ ಕೊಂಬೆಗೆ ಗೂಟಿ ಕಟ್ಟಿ (ಒಂದು ಕಡೆ ತೊಗಟೆ ಸುಲಿದು, ಒದ್ದೆ ಪಾಚಿ ಸುತ್ತಿ) ಬೇರು ಬರಿಸಿಕೊಳ್ಳಿ.

ನೆಡುವ ಜಾಗ ಮುಖ್ಯ. ದೊಡ್ಡ ನೆರೆಯ ಗುರುತು ನಿಮಗೆ ಗೊತ್ತಿರುತ್ತದೆ, ಅದಕ್ಕಿಂತ ಮೇಲೆ, ಆದರೆ ಹಳ್ಳದ ಅಂಚಿಗೇ, ಸಾಧ್ಯವಾದರೆ ಬಂಡೆಯ ಸಂದಿಗೆ. ಮನೆ, ಬಾವಿ, ಕೆರೆಯ ದಂಡೆಯ ಹತ್ತಿರ ಖಂಡಿತ ಬೇಡ. ಈ ಬೇರು ಕಲ್ಲುಕಟ್ಟಣೆಯನ್ನು ಬಿಚ್ಚಿ ಹಾಕುತ್ತದೆ. ಅಡಿಕೆ ಸಾಲಿಗೆ ತಾಗಿ ನೆಟ್ಟರೆ ನೆರಳಿಗೂ ಗೊಬ್ಬರಕ್ಕೂ ಜಗಳ ತಪ್ಪಿದ್ದಲ್ಲ. ಎರಡೂ ದಡದಲ್ಲಿ ಒಂದೊಂದು ನೆಟ್ಟರೆ ಅರ್ಧ ದಾರಿ ಕಡಿಮೆಯಾಗುತ್ತದೆ, ಒಂದು ಸತ್ತರೂ ಇನ್ನೊಂದಿರುತ್ತದೆ. ಆಚೆ ದಡ ಸೊಪ್ಪಿನ ಬೆಟ್ಟವೋ ಅರಣ್ಯವೋ ಆಗಿದ್ದರೆ ಇಲಾಖೆಯವರ ಕಿವಿಗೆ ಮೊದಲೇ ಹಾಕಿಡಿ.

ಮೊದಲ ಎಂಟು-ಹತ್ತು ವರ್ಷ ಬೇರಿನ ಕೆಲಸವೇ ಇಲ್ಲ. ಗಿಡ ಮರವಾಗಬೇಕು. ದನ ತಿನ್ನದಂತೆ, ಬೇಸಿಗೆಯ ಕಾಡುಬೆಂಕಿ ತಾಗದಂತೆ ನೋಡಿಕೊಂಡರೆ ಸಾಕು. ಹಳ್ಳದ ತಂಪು, ನೆರಳು, ಮಂಜು ಇದ್ದಲ್ಲಿ ಬಿಳಲು ತಾನೇ ಒಡೆಯುತ್ತದೆ. ಆಮೇಲೆ ನಿಮ್ಮ ಕೈಯಲ್ಲಿರುವ, ಖಾಸಿಗಳ ಕೈಯಲ್ಲೂ ಇರುವ ಉಪಕರಣ ಬೇಕು: ಅಡಿಕೆ ದಂಬೆ. ಹಳೇ ತೋಟಗಳಲ್ಲಿ ನೀರು ಹಾಯಿಸಲು ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ದೋಣಿ ಮಾಡುತ್ತಿದ್ದರಲ್ಲ, ಅದೇ. ಅಲ್ಲೂ ಅಡಿಕೆ ಮರವನ್ನು ಹೀಗೇ ಟೊಳ್ಳು ಮಾಡಿ, ಎಳೆ ಬಿಳಲನ್ನು ಒಳಗೆ ಮಲಗಿಸಿ ಆಚೆ ದಡಕ್ಕೆ ಕರೆದೊಯ್ಯುತ್ತಾರೆ. ದಂಬೆಯೊಳಗೆ ಕೊಳೆತ ತರಗೆಲೆ ತುಂಬಿ. ನಮ್ಮಲ್ಲಿ ಜನವರಿಯಿಂದ ಮೇವರೆಗೆ ಒಣ ಹವೆ. ಬೇರಿನ ಮೆತ್ತನೆಯ ತುದಿ ಒಣಗಿತೆಂದರೆ ಆ ವರ್ಷದ ದುಡಿಮೆ ಹೋಯಿತು. ತುದಿಯನ್ನು ಮುಟ್ಟಬೇಡಿ, ಚಿವುಟಬೇಡಿ, ಎಳೆಯಬೇಡಿ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ನಾಲ್ಕು ಚೊಂಬು ನೀರು ಹೊಯ್ದರೆ ಸಾಕು. ಆಚೆ ಮುಟ್ಟಿದ ಬೇರನ್ನು ಮಣ್ಣಿಗೆ ಇಳಿಸಿ ಮೇಲೊಂದು ಕಲ್ಲು ಹೇರಿ.

ಇಲ್ಲೇ ನಿಮಗೊಂದು ಅನುಕೂಲವಿದೆ. ನೀವು ಪ್ರತಿ ವರ್ಷ ಬೇಸರಿಸಿಕೊಂಡು ಕಟ್ಟುವ ಸಂಕವೇ ಬೇರಿಗೆ ಬೇಕಾದ ಅಟ್ಟಣೆ. ಅದನ್ನು ನಿಲ್ಲಿಸಬೇಡಿ. ಈ ವರ್ಷದ ಸಂಕದ ಮೇಲೆ ಎರಡು ಬೇರು ದಾಟಲಿ, ಅದು ಕೊಳೆತಾಗ ಹೊಸ ಸಂಕ ಹಾಕಿ ಆ ಎರಡನ್ನು ಅದರ ಮೇಲೆ ಎತ್ತಿಡಿ, ಜೊತೆಗೆ ಇನ್ನು ಮೂರು ಬೇರು ಹರಿಸಿ. ಮೇಘಾಲಯದಲ್ಲೂ ಇದೇ ಕ್ರಮ. ಬಿದಿರಿನ ಸಂಕದ ಮೇಲೆ ಜನ ಓಡಾಡುತ್ತಲೇ ಇರುತ್ತಾರೆ, ಬೇರು ಅದರ ಮೈಮೇಲೆ ಬೆಳೆಯುತ್ತದೆ, ಕೊನೆಗೊಂದು ವರ್ಷ ಬಿದಿರು ಬದಲಿಸುವ ಅಗತ್ಯವೇ ಬರುವುದಿಲ್ಲ. ಸೊಂಟದೆತ್ತರದಲ್ಲಿ ಎರಡು ಬದಿ ಬಿದಿರು ಕಟ್ಟಿ ಅಲ್ಲೂ ಬೇರು ಹರಿಸಿ, ಮುಂದೆ ಅವೇ ಹಿಡಿಕಂಬಿ. ಅವುಗಳಿಂದ ಕೆಳಗಿನ ಬೇರಿಗೆ ಓರೆಯಾಗಿ ಸಣ್ಣ ಬೇರುಗಳನ್ನು ಹೆಣೆದರೆ ಇಡೀ ಸಂಕ ಒಂದು ಬುಟ್ಟಿಯಾಗುತ್ತದೆ, ತೂಕ ಹಂಚಿಹೋಗುತ್ತದೆ. ಒಂದು ಬೇರು ಕೊಳೆತರೂ ಉಳಿದವು ಹೊರುತ್ತವೆ.

ಕಟ್ಟುವುದಕ್ಕೆ ತೆಂಗಿನ ನಾರಿನ ಹಗ್ಗ ಅಥವಾ ಬಾಳೆಪಟ್ಟೆ. ನೈಲಾನ್ ಬೇಡವೇ ಬೇಡ. ಇದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತೆ. ನಮ್ಮ ಹಿತ್ತಲಲ್ಲಿ ಒಂದು ಚಪ್ಪರಕ್ಕೆಂದು ಬೆಳೆಸಿದ ಎರಡು ಬಿಳಲನ್ನು ‘ಗಟ್ಟಿಯಿರಲಿ’ ಎಂದು ನೀಲಿ ನೈಲಾನ್ ಹಗ್ಗದಲ್ಲಿ ಬಿಗಿದು, ಎರಡು ಮಳೆಗಾಲ ಅತ್ತ ತಲೆ ಹಾಕಲಿಲ್ಲ. ಹೋಗಿ ನೋಡುವಾಗ ಹಗ್ಗ ಕಾಣುತ್ತಲೇ ಇರಲಿಲ್ಲ, ತೊಗಟೆಯೊಳಗೆ ಇಳಿದಿತ್ತು. ಮೇಲ್ಭಾಗ ಉಬ್ಬಿಕೊಂಡಿದೆ, ಕೆಳಭಾಗ ಕಡ್ಡಿಯಂತಾಗಿದೆ. ಮಾರನೆಯ ಬೇಸಿಗೆಗೆ ಎರಡೂ ಒಣಗಿದವು. ನಾರಿನ ಹಗ್ಗ ಒಂದೆರಡು ವರ್ಷದಲ್ಲಿ ಲಡ್ಡಾಗುತ್ತದೆ ಎಂದು ನಾವು ಬೈಯುತ್ತೇವಲ್ಲ, ಇಲ್ಲಿ ಬೇಕಾದದ್ದೇ ಆ ಗುಣ. ಅಷ್ಟು ಹೊತ್ತಿಗೆ ಗಂಟು ತಾನೇ ಕೂಡಿಕೊಂಡಿರುತ್ತದೆ.

ವರ್ಷದ ಲೆಕ್ಕ ಹೀಗಿದೆ. ಆಗಲೇ ದೊಡ್ಡ ಮರವಿದ್ದು ಹಳ್ಳ ಕಿರಿದಾಗಿದ್ದರೆ 10-15 ವರ್ಷಕ್ಕೆ ದಾಟುವಂಥದ್ದು ಆದೀತು. ಗಿಡದಿಂದ ಶುರುಮಾಡುವ ನಿಮಗೆ 25-30 ವರ್ಷ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ, ಕಾಂಕ್ರೀಟಿನಂತೆ ಹಳತಾದಷ್ಟೂ ಸೋಲುವ ಬದಲು, ಅದು ವರ್ಷ ವರ್ಷ ಬಲಿಯುತ್ತದೆ. ನೂರು ವರ್ಷ ದಾಟಿದವೂ ಇವೆ. ‘ಒಮ್ಮೆಗೆ 50 ಜನ ನಿಲ್ಲಬಹುದು’ ಎಂಬ ಮಾತು ಪ್ರವಾಸಿಗಳಲ್ಲಿ ಓಡಾಡುತ್ತದೆ. ಅದು ಒಂದು ಹಳೇ ಸೇತುವೆಯ ಬಗೆಗಿನ ಮಾತು, ನಿಮ್ಮ ಇಪ್ಪತ್ತನೇ ವರ್ಷದ ಬೇರುಗಳಿಗೆ ಅನ್ವಯಿಸಬೇಡಿ. ಬೇರಿನ ಸಂಕಕ್ಕೆ ಭಾರದ ಕೋಷ್ಟಕವಿಲ್ಲ. ಕೆಳಗಿನ ಬಿದಿರನ್ನು ತೆಗೆಯುವ ಮುನ್ನ ಬೇಸಿಗೆಯಲ್ಲಿ, ಹಳ್ಳ ಬತ್ತಿದಾಗ, ಗೊಬ್ಬರದ ಚೀಲಗಳಿಗೆ ಮರಳು ತುಂಬಿ ಒಂದೊಂದಾಗಿ ಹೇರಿ ನೋಡಿ.

ಮನೆಯ ವಿಷಯಕ್ಕೆ ಬಂದರೆ ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆರ್ಥರ್ ವೀಖುಲಾ ಎಂಬ ಜರ್ಮನ್ 1926ರಲ್ಲೇ ಬದುಕಿರುವ ಮರಗಳಿಂದ ಮನೆ ಬೆಳೆಸುವ ಬಗ್ಗೆ ಚಿತ್ರಸಹಿತ ಪುಸ್ತಕ ಬರೆದ. ಅಂಥ ಮನೆಯೊಂದೂ ಆಗಲಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಕ್ರುಬ್ಸಾಕ್ ಎಂಬಾತ ಸಸಿಗಳನ್ನು ಬಾಗಿಸಿ, ಕಸಿ ಕೂಡಿಸಿ, ವರ್ಷಗಟ್ಟಲೆ ಕಾದು ಒಂದು ಕುರ್ಚಿ ಬೆಳೆಸಿ 1914ರಲ್ಲಿ ಕಡಿದ. ಒಂದು ಕುರ್ಚಿ! ಕ್ಯಾಲಿಫೋರ್ನಿಯಾದ ರೈತ ಆಕ್ಸೆಲ್ ಅರ್ಲಾಂಡ್ಸನ್ 70ಕ್ಕೂ ಹೆಚ್ಚು ಮರಗಳನ್ನು ಬುಟ್ಟಿ, ಏಣಿ, ಕಮಾನುಗಳ ಆಕಾರದಲ್ಲಿ ಬೆಳೆಸಿ 1947ರಲ್ಲಿ ಟಿಕೆಟ್ ಇಟ್ಟು ತೋರಿಸಿದ. ಅವುಗಳಲ್ಲಿ ಉಳಿದ ಕೆಲವು ಇಂದಿಗೂ ಗಿಲ್‌ರಾಯ್‌ನ ಉದ್ಯಾನದಲ್ಲಿವೆ. ಇವೆಲ್ಲ ಕೈಚಳಕಗಳು, ಚೆಂದವಾದವು, ಮನೆಯಲ್ಲ.

ಕಟ್ಟಡಕ್ಕೆ ಹತ್ತಿರ ಬಂದವರು ಫರ್ಡಿನಾಂಡ್ ಲುಡ್ವಿಗ್, ಮೇಲೆ ಹೇಳಿದ 74 ಸೇತುವೆಗಳ ಅಧ್ಯಯನದಲ್ಲಿ ಇದ್ದವರೇ. ಅವರು ಮತ್ತು ಸಂಗಡಿಗರು 2012ರಲ್ಲಿ ಜರ್ಮನಿಯ ನಾಗೋಲ್ಡ್ ಎಂಬ ಊರಿನಲ್ಲಿ 10 ಮೀಟರ್ ಉದ್ದಗಲ ಎತ್ತರದ ಚೌಕವನ್ನು ಪ್ಲೇನ್ ಮರಗಳಿಂದ (ಕಾಶ್ಮೀರದ ಚಿನಾರ್‌ನ ದಾಯಾದಿ) ಎಬ್ಬಿಸಿದರು. ಉಕ್ಕಿನ ಚೌಕಟ್ಟಿನಲ್ಲಿ ಅಂತಸ್ತು ಅಂತಸ್ತಾಗಿ ತೊಟ್ಟಿಗಳಲ್ಲಿ ಸಸಿಗಳನ್ನು ಇಟ್ಟು, ಕೆಳಗಿನದರ ತಲೆಯನ್ನು ಮೇಲಿನದರ ಬುಡಕ್ಕೆ ಕೂಡಿಸಿದರು. ಕೂಡಿಕೊಂಡ ಮೇಲೆ ನೆಲದ ಬೇರೇ ಮೇಲಿನವರೆಗೆ ನೀರು ಒದಗಿಸಲಿ, ತೊಟ್ಟಿ ತೆಗೆಯೋಣ ಎಂಬ ಉಪಾಯ. ಜಾಣತನದ್ದೇ. ಆದರೆ ಅದು ಗೋಡೆಯೇ ಎಲೆಯಾಗಿರುವ ಒಂದು ಅಟ್ಟಳಿಗೆ. ಗೋಡೆ ಜೀವಂತ ಉಳಿಯಬೇಕಾದರೆ ಅದಕ್ಕೆ ಬಿಸಿಲು, ಗಾಳಿ, ನೀರು ಬೇಕು. ಮನುಷ್ಯ ಮನೆ ಕಟ್ಟುವುದು ಆ ಮೂರನ್ನೂ ತಡೆಯುವುದಕ್ಕೆ. ನಮ್ಮ ಮಳೆಗಾಲದಲ್ಲಿ ಅಂಥ ಗೋಡೆಯ ಪಕ್ಕ ಹಾಸಿಗೆ ಹಾಸಿದರೆ ಮೂರನೇ ದಿನಕ್ಕೆ ಹಾಸಿಗೆಯಲ್ಲೇ ಅಣಬೆ ಏಳುತ್ತದೆ. ಮಗನಿಗೆ ಅಷ್ಟೊಂದು ಆಸೆಯಿದ್ದರೆ ಹಾಲುವಾಣದ ಗೂಟಗಳನ್ನು ಎರಡು ಸಾಲು ನೆಟ್ಟು, ಚಿಗುರಿದ ಕೊಂಬೆಗಳನ್ನು ಮೇಲೆ ಕೂಡಿಸಿ ದನಕ್ಕೊಂದು ನೆರಳು ಮಾಡಲಿ. ಕಾಳುಮೆಣಸಿಗೆ ನೆಡುವ ಅದೇ ಗೂಟ. ಬದುಕಿರುವ ಮರ ಎಲ್ಲಿ ಮಣಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದು ಎರಡು ಮೂರು ವರ್ಷದಲ್ಲೇ ಕೈಗೆ ಗೊತ್ತಾಗುತ್ತದೆ. ಸಂಕದ ಕೆಲಸಕ್ಕೂ ಆ ಕೈ ಬೇಕು.

ಗೂಟಿ ಕಟ್ಟುವುದಾದರೆ ಆರಿದ್ರಾ ಮಳೆ ಹಿಡಿದ ಮೇಲೆ ಕಟ್ಟಿ, ಒಂದಲ್ಲ ನಾಲ್ಕೈದು. ಈ ವರ್ಷದ ಸಂಕವನ್ನು ಮಾತ್ರ ಎಂದಿನ ಹಾಗೆ ಮೇ ತಿಂಗಳಲ್ಲೇ ಕಟ್ಟಿಬಿಡಿ.